ಪಕ್ಕದ ಬೆಂಚಿನವಳು

ಪಾಠ ಹೇಳುವ ಕಸುಬಿನಲ್ಲಿ ಮೂವತ್ತು ವರ್ಷ ಸವೆಸಿದವರನ್ನು ಕೇಳಿ ನೋಡಿ, ಒಂದು ಗುಟ್ಟನ್ನು ಎಲ್ಲರೂ ಒಪ್ಪುತ್ತಾರೆ. ಭಿನ್ನರಾಶಿಯನ್ನು ನಾವು ಬೋರ್ಡಿನ ಮೇಲೆ ಮೂರು ಸಲ ಬರೆದು ಅಳಿಸಿದರೂ ತಲೆಗೆ ಹೋಗದ ಹುಡುಗಿಗೆ, ಪಕ್ಕದ ಬೆಂಚಿನವಳು ಡಬ್ಬಿಯ ಚಪಾತಿಯನ್ನು ನಾಲ್ಕಾಗಿ ಹರಿದು ತೋರಿಸಿದ ಕೂಡಲೇ ಎಲ್ಲ ಹೊಳೆದುಬಿಡುತ್ತದೆ. ಟೀಚರಿಗೆ ಭಿನ್ನರಾಶಿ ಗೊತ್ತಾಗಿ ನಲವತ್ತು ವರ್ಷವಾಗಿರುತ್ತದೆ. ಪಕ್ಕದವಳಿಗೆ ಗೊತ್ತಾಗಿದ್ದು ನಿನ್ನೆ. ಎಲ್ಲಿ ಕಾಲು ಎಡವುತ್ತದೆ ಎನ್ನುವುದು ಅವಳ ನೆನಪಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಬಿ.ಎಡ್. ಪುಸ್ತಕದಲ್ಲಿ ಇದಕ್ಕೊಂದು ಭಾರೀ ಹೆಸರಿದೆ. ನಾವು ಹೆಸರನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡೆವು, ಅಷ್ಟೇ.

ಮಕ್ಕಳ ವಿಷಯ ಹಾಗಿರಲಿ. ಐವತ್ತು ದಾಟಿದ ಹೆಂಗಸರೂ ಹೀಗೆ ಕಲಿಯಬಹುದೆಂದು ನನಗೆ ತೋರಿಸಿಕೊಟ್ಟದ್ದು ಒಂದು ಒಣ ವಸ್ತು: ಕೆಲಸದ ಜಾಗದ ನಿಯಮಾವಳಿ.

ನಿಯಮಗಳ ಮಾತು ಬಂದರೆ ನಮ್ಮ ಕೆ.ಜಿ.ಎಫ್. ಅನ್ನು ಮೀರಿಸುವ ಊರು ಕಡಿಮೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿಗಾರಿಕೆಗೆ ಕೈ ಹಾಕಿದಾಗಿನಿಂದ ಇಲ್ಲಿನ ಬದುಕೇ ಕಟ್ಟಳೆಗಳ ಬದುಕು. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಸೈರನ್ನಿನ ಲೆಕ್ಕ. ನನ್ನ ಮಾವನವರು ನಂದಿದುರ್ಗ ಗಣಿಯ ಟೈಂ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲೂ ಅವರು ಊಟಕ್ಕೆ ಕೂರುವ ಮುಂಚೆ ಗಡಿಯಾರ ನೋಡುತ್ತಿದ್ದರು. ಅವರ ಬಾಯಲ್ಲಿ ನಾನು ಹಲವು ಸಲ ಕೇಳಿದ ಕಥೆ 1930ರದು. ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ದಾಖಲು ಮಾಡಬೇಕೆಂಬ ಪದ್ಧತಿಯನ್ನು ತರಲು ಹೊರಟಾಗ, ಇಡೀ ಗಣಿ ಪ್ರದೇಶ 21 ದಿನ ಕೆಲಸ ನಿಲ್ಲಿಸಿತು. ಬೆರಳಚ್ಚು ತೆಗೆಯುವುದು ಕಳ್ಳಕಾಕರದು, ನಮ್ಮದೇಕೆ ಎಂಬುದು ಅವರ ಸಂಕಟ. ಆಗ ಗಟ್ಟಿಯಾದ ಸಂಘ ಕೂಡ ಇರಲಿಲ್ಲ. ಒಂದು ಲೈನಿನ ಮನೆಯವರು ಪಕ್ಕದ ಲೈನಿನವರಿಗೆ ಹೇಳಿದರು, ಅವರು ಅದರಾಚೆಯವರಿಗೆ. "ಕೂಲಿ ಕಡಿಮೆಯಾಯಿತೆಂದು ಅಲ್ಲಮ್ಮ, ಮರ್ಯಾದೆ ಹೋಯಿತೆಂದು ನಿಂತರು" ಎನ್ನುತ್ತಿದ್ದರು ಮಾವ.

ಆ ಕಟ್ಟಳೆಗಳಲ್ಲಿ ಹೆಂಗಸರಿಗೆ ಎಲ್ಲಿ ಜಾಗ? 1952ರ ಗಣಿ ಕಾಯ್ದೆ ಹೆಣ್ಣುಮಕ್ಕಳು ನೆಲದಡಿ ಕೆಲಸ ಮಾಡಕೂಡದು ಎಂದಿತು. ತಾಂತ್ರಿಕ, ಮೇಲ್ವಿಚಾರಣೆಯ ಮತ್ತು ಆಡಳಿತದ ಕೆಲಸಕ್ಕೆ ಅವರು ಹಗಲು ಹೊತ್ತು ಕೆಳಗಿಳಿಯಬಹುದು ಎಂದು ಕೇಂದ್ರ ಸರ್ಕಾರ ಹೇಳಿದ್ದು 2019ರ ಜನವರಿಯಲ್ಲಿ. ನಮ್ಮ ಗಣಿಗಳು 2001ರ ಫೆಬ್ರವರಿ 28ರಂದೇ ಮುಚ್ಚಿಹೋಗಿದ್ದವು. ಬಾಗಿಲು ತೆರೆಯುವ ಹೊತ್ತಿಗೆ ಮನೆಯೇ ಇರಲಿಲ್ಲ! ಈಗ ಉಳಿದಿರುವುದು ಸೈನೈಡ್ ದಿಬ್ಬಗಳು, ಗಾಳಿ ಬೀಸಿದರೆ ಒಗೆದು ಹಾಕಿದ ಬಟ್ಟೆಯ ಮೇಲೆ ಕೂರುವ ಅದರ ಧೂಳು, ಮತ್ತು ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಓಡುವ ರೈಲು. ಗಣಿಗೆ ಇಳಿದವರ ಮೊಮ್ಮಕ್ಕಳು ಆ ರೈಲು ಹತ್ತುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳು ಬಹಳ. ಗಾರ್ಮೆಂಟ್ಸು, ಆಸ್ಪತ್ರೆ, ಅಂಗಡಿ, ಹೌಸ್‌ಕೀಪಿಂಗು. ಊರಲ್ಲೇ ಉಳಿದವರು ಶಾಲೆ, ಬ್ಯಾಂಕು, ನರ್ಸಿಂಗ್ ಹೋಮು ಎಂದು ಚದುರಿದ್ದಾರೆ. ಕೆಲಸವಿದ್ದಲ್ಲಿ ನಿಯಮ ಬೇಕು, ನಿಯಮವಿದ್ದಲ್ಲಿ ಅದನ್ನು ಬರೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ.

ರಾಜಸ್ಥಾನದ ಭಂವರಿ ದೇವಿ ಎಂಬ ಸರ್ಕಾರಿ ಕಾರ್ಯಕರ್ತೆಗೆ 1992ರಲ್ಲಿ ಆದ ಅನ್ಯಾಯದ ಹಿನ್ನೆಲೆಯಲ್ಲಿ, ಸುಪ್ರೀಂ ಕೋರ್ಟು 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಕೊಟ್ಟಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ದೂರು ಕೇಳಲು ಸಮಿತಿ ಇರಬೇಕು ಎಂದಿತು. ಅದು ಕಾಯ್ದೆಯಾಗಿ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನ ಒಬ್ಬರು ಇರಬೇಕು. ಕಾಯ್ದೆ ಬಂದು ಹತ್ತು ವರ್ಷ ಕಳೆದರೂ ಎಷ್ಟೋ ಕಡೆ ಸಮಿತಿ ಕಾಗದದ ಮೇಲೂ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಜಿಲ್ಲೆ ಜಿಲ್ಲೆಗಳಲ್ಲಿ ಎಣಿಸಿ ನೋಡಿ ಎಂದು ಗದರಿದ ಮೇಲೆ ಎಲ್ಲ ಕಡೆ ಗಡಿಬಿಡಿ ಶುರುವಾಯಿತು. ನಮ್ಮ ಶಾಲೆಯಲ್ಲಿ ಹಿರಿಯ ಮಹಿಳೆ ಯಾರು ಎಂದು ಹುಡುಕಿದರು. ತಲೆ ನರೆತದ್ದು ಕಂಡು ನನ್ನ ಹೆಸರು ಬರೆದರು.

ಕೋಲಾರದಲ್ಲಿ ಒಂದು ದಿನದ ತರಬೇತಿ ನಡೆಯಿತು. ದಪ್ಪ ಫೈಲು, ಉಪ್ಪಿಟ್ಟು, ಭಾಷಣ. ಹೇಳಿದವರು ತಿಳಿದವರೇ, ಒಳ್ಳೆಯದನ್ನೇ ಹೇಳಿದರು. ಆದರೆ ಬೋರ್ಡಿನ ಮೇಲಿನ ಭಿನ್ನರಾಶಿಯ ಹಾಗೆ ಎಲ್ಲ ದೂರ ದೂರ ಇತ್ತು. ಬಂಗಾರಪೇಟೆಗೆ ವಾಪಸಾಗುವ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರು ನಾವು ಐವರು: ಬ್ಯಾಂಕಿನ ಅಧಿಕಾರಿ ಒಬ್ಬರು, ನರ್ಸಿಂಗ್ ಹೋಮಿನ ಹಿರಿಯ ಸಿಸ್ಟರ್, ಗಾರ್ಮೆಂಟ್ಸ್ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಹುಡುಗಿ, ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ, ಮತ್ತು ನಾನು. "ಅಕ್ಕಾ, ನಿಮ್ಮಲ್ಲಿ ಯಾವ ಕರಡು ಕೊಟ್ಟಿದಾರೆ?" ಎಂದು ಆ ಹುಡುಗಿ ನನ್ನ ಫೈಲನ್ನು ಎಳೆದುಕೊಂಡು ನೋಡಿದಳು. ನಗರದ ಯಾವುದೋ ಕಂಪನಿಯ ಮಾದರಿ ಪ್ರತಿ, ಇಂಗ್ಲಿಷಿನಲ್ಲಿ. ಐವರಲ್ಲಿ ನಾಲ್ವರ ಕೈಯಲ್ಲೂ ಅದೇ ಪ್ರತಿ! ಒಂದರಲ್ಲಂತೂ ಆ ಕಂಪನಿಯ ಲಿಫ್ಟಿನ ಪ್ರಸ್ತಾಪವನ್ನೂ ತೆಗೆದಿರಲಿಲ್ಲ. ಒಂದೇ ಅಂತಸ್ತಿನ ಶಾಲೆಗೆ ಲಿಫ್ಟು! ಬಸ್ಸಿನಲ್ಲಿ ನಕ್ಕು ನಕ್ಕು ಇಳಿದವರು, ಮುಂದಿನ ತಿಂಗಳ ಎರಡನೇ ಶನಿವಾರ ಬ್ಯಾಂಕಿನವರ ಮನೆಯಲ್ಲಿ ಸೇರುವುದೆಂದು ಮಾತಾಡಿಕೊಂಡೆವು. ಬಂಗಾರಪೇಟೆಯಲ್ಲಿ ಯಾರದೇ ಮನೆಯಲ್ಲಿ ಸೇರಿದರೂ ನಮ್ಮೂರಿನ ತಿಳಿನೀರಿನ ಪಾನಿಪುರಿ ತರಿಸುವುದು ಕಾಯ್ದೆಗಿಂತ ಹಳೆಯ ಕಾಯ್ದೆ.

ಮೊದಲ ದಿನ ನಾವೇ ನಮಗೊಂದು ಕಟ್ಟು ಹಾಕಿಕೊಂಡೆವು: ಹೆಸರು ಬೇಡ, ಜಾಗ ಬೇಡ, ತಿಂಗಳು ಬೇಡ. ದೂರುಗಳ ವಿಚಾರ ಹೊರಗೆ ಹೇಳಕೂಡದೆಂದು ಕಾಯ್ದೆಯೇ ಹೇಳುತ್ತದೆ. ಅದಲ್ಲದೆ ನಮ್ಮದು ಚಿಕ್ಕ ಊರು, ಸೀರೆಯ ಬಣ್ಣ ಹೇಳಿದರೆ ಸಾಕು, ಯಾರೆಂದು ಮೂರು ಬೀದಿಗೆ ಗೊತ್ತಾಗುತ್ತದೆ. ಐದು ಹೆಂಗಸರು ಸೇರಿದರೆ ಹರಟೆ ಎಂದು ನಗುವವರಿಗೆ ಹೇಳುತ್ತೇನೆ, ಹರಟೆಗೂ ಕಲಿಕೆಗೂ ನಡುವೆ ಇರುವುದು ಈ ಒಂದು ಗೆರೆ. ನಮ್ಮ ಮಧ್ಯೆ ಓಡಾಡಿದ್ದು ನಿಯಮದ ವಾಕ್ಯಗಳು ಮಾತ್ರ.

ಮತ್ತು ಆ ವಾಕ್ಯಗಳಲ್ಲಿ ಎಷ್ಟು ಇತ್ತು ಅಂತೀರಿ! ನಮ್ಮ ಕರಡಿನಲ್ಲಿ 'ಶಾಲಾ ಸಿಬ್ಬಂದಿ' ಎಂದಷ್ಟೇ ಇತ್ತು. ಆಯಾಗಳು, ವ್ಯಾನ್ ಹತ್ತಿಸುವವರು ಗುತ್ತಿಗೆದಾರನ ಕಡೆಯವರು, ಅವರ ಮಾತೇ ಇಲ್ಲ. ಗಾರ್ಮೆಂಟ್ಸಿನ ಹುಡುಗಿ ಬೆರಳಿಟ್ಟು ತೋರಿಸಿದಳು. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆಯವರು, ತರಬೇತಿಗೆ ಬಂದವರು, ಸಂಬಳವಿಲ್ಲದೆ ದುಡಿಯುವವರು ಕೂಡ ಕಾಯ್ದೆಯ ಕಣ್ಣಿಗೆ ನೌಕರರೇ. ಮಾಲೀಕರು ಕೊಡುವ ವಾಹನವೂ ಕೆಲಸದ ಜಾಗವೇ. ಅವಳಿಗೆ ಇದು ಪುಸ್ತಕದಿಂದ ಬಂದದ್ದಲ್ಲ, ಕಾರ್ಖಾನೆಯ ಬಸ್ಸಿನಲ್ಲಿ ದಿನಾ ಓಡಾಡಿ ಬಂದದ್ದು.

ಸಿಸ್ಟರ್ ಹೇಳಿದ್ದು ಇನ್ನೊಂದು ತೆರನದು. "ದೂರು ಬರೆದು ಕೊಡಬೇಕು ಅಂತೀರಿ ಮೇಡಂ. ನಮ್ಮ ಹುಡುಗೀರು ಬರೆಯೋಲ್ಲ. ರಾತ್ರಿ ಪಾಳಿಯಲ್ಲಿ ಹಾಸಿಗೆ ಬಟ್ಟೆ ಬದಲಾಯಿಸೋವಾಗ ಹೇಳ್ತಾರೆ." ಬರೆಯಲಾಗದವರಿಗೆ ಬರೆಯಲು ನೆರವಾಗಬೇಕಾದ್ದು ಸಮಿತಿಯ ಹೊಣೆ ಎಂದು ಕಾಯ್ದೆಯಲ್ಲಿದೆ. ಆದರೆ ನೆರವಾಗುವವರು ಆ ಹೊತ್ತಿನಲ್ಲಿ ಅಲ್ಲಿರಬೇಕಲ್ಲ? ಅದಕ್ಕೆ ಅವರು ಪಾಳಿಗೊಬ್ಬರನ್ನು ಗೊತ್ತು ಮಾಡಿದ್ದರು. ನಾವು ಆ ಸಾಲನ್ನು ಹಾಗೇ ಎತ್ತಿಕೊಂಡೆವು. ಬ್ಯಾಂಕಿನವರು ತಂದದ್ದು ವರ್ಗಾವಣೆಯ ಅನುಭವ. ತನಿಖೆ ನಡೆಯುವಾಗ ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಕಳಿಸಬಹುದು, ಆದರೆ ಅದು ಆಕೆ ಕೇಳಿಕೊಂಡರೆ. ನಡೆಯುವುದು ಮಾತ್ರ ಯಾವಾಗಲೂ ಆಕೆಯ ಪೆಟ್ಟಿಗೆಯನ್ನೇ ಕಟ್ಟಿಸುವುದು. 'ಮೊದಲು ಆಕೆಯನ್ನು ಕೇಳತಕ್ಕದ್ದು' ಎಂಬ ಮೂರು ಪದ ಅವರ ಕೊಡುಗೆ.

ನಾನು ಕೊಟ್ಟದ್ದು ಭಾಷೆ. ಏಳನೇ ತರಗತಿಯ ಹುಡುಗಿಗೆ ಗಟ್ಟಿಯಾಗಿ ಓದಿ ಹೇಳಿದರೆ ಅರ್ಥವಾಗದ ನಿಯಮ ನಿಯಮವೇ ಅಲ್ಲ ಎಂದು ಹಟ ಹಿಡಿದೆ. ನಮ್ಮ ಕಡೆ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹೊರಗೆ ಕನ್ನಡ. ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಇಂಗ್ಲಿಷಿನ ನೋಟೀಸು ತೂಗಿದರೆ ಅದು ಗೋಡೆಗೆ ಮಾತ್ರ ಗೊತ್ತು. ನಮ್ಮಲ್ಲಿ ಈಗ ಅದು ಕನ್ನಡದಲ್ಲೂ ತಮಿಳಿನಲ್ಲೂ ಇದೆ, ನಲ್ಲಿಯ ಪಕ್ಕದಲ್ಲಿದೆ. ಓದು ಬಾರದವರಿಗೆ ತಿಂಗಳಿಗೊಮ್ಮೆ ಓದಿ ಹೇಳುತ್ತೇವೆ.

ಆ ನಲ್ಲಿಯ ಹತ್ತಿರವೇ ಇನ್ನೊಂದು ಪಾಠ ಹುಟ್ಟಿತು. ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಕಡಿಮೆ ಮಾತಿನವರು. ಒಂದು ಶನಿವಾರ ಕೇಳಿದರು: "ನಿಮ್ಮಲ್ಲೆಲ್ಲ ಕಸ ಗುಡಿಸುವಾಕೆ ಎಲ್ಲಿ ಕೂತು ಊಟ ಮಾಡ್ತಾಳೆ? ಯಾವ ಲೋಟದಲ್ಲಿ ಟೀ ಕುಡೀತಾಳೆ? ಯಾವ ಕಕ್ಕಸಿಗೆ ಹೋಗ್ತಾಳೆ?" ಯಾರೂ ಬಾಯಿ ತೆಗೆಯಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಸಮಾನತೆ, ಘನತೆ ಎಂದು ಮೊದಲ ಪುಟದಲ್ಲಿ ಎಷ್ಟು ದಪ್ಪಕ್ಷರದಲ್ಲಿ ಬರೆದರೂ, ಮೂರನೇ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಬೋರಲು ಬಿದ್ದಿದ್ದರೆ ಆ ಪುಟ ಸುಳ್ಳು. ಈ ಮೂರು ಪ್ರಶ್ನೆಗಳನ್ನು ನಾವು ಐವರೂ ನಮ್ಮ ನಮ್ಮ ಕಡೆಯ ಕರಡಿಗೆ ಅಳತೆಗೋಲು ಮಾಡಿಕೊಂಡಿದ್ದೇವೆ. ಎಲ್ಲ ಕಡೆ ಲೋಟ ಒಂದೇ ಕಡೆಗೆ ಬಂದಿದೆ ಎಂದು ಹೇಳಲಾರೆ. ಎರಡು ಕಡೆ ಬಂದಿದೆ.

ಇಷ್ಟೆಲ್ಲ ಕಲಿತದ್ದು ಕಾಗದದಾಚೆಗೆ ಏನಾದರೂ ಆಯಿತೇ ಎಂದು ನೀವು ಕೇಳುತ್ತೀರಿ. ಆಯಿತು. ನಮ್ಮ ಐದು ಜಾಗಗಳಲ್ಲಿ ಒಂದರಲ್ಲಿ, ಯಾವುದೆಂದು ಹೇಳುವುದಿಲ್ಲ, ಗುತ್ತಿಗೆಯ ಮೇಲೆ ದುಡಿಯುವ ಒಬ್ಬಾಕೆ ದೂರು ತಂದಳು. "ಆಕೆ ನಮ್ಮವಳಲ್ಲ, ಗುತ್ತಿಗೆದಾರನನ್ನು ಕೇಳಿ" ಎಂದು ಮೇಲಿನವರು ಕೈ ತೊಳೆದುಕೊಂಡರು. ಹಿಂದಿನ ತಿಂಗಳಷ್ಟೇ ಸೇರಿಸಿದ್ದ ಆ ಒಂದು ಸಾಲು ಅಲ್ಲಿನ ನಿಯಮಾವಳಿಯಲ್ಲಿ ಇಲ್ಲದೆ ಹೋಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಮಿತಿ ಕೂತಿತು. ಕಾಯ್ದೆ ಹೇಳುವ 90 ದಿನದೊಳಗೆ ವಿಚಾರಣೆ ಮುಗಿಯಿತು. ಆಕೆ ಕೆಲಸದಲ್ಲಿ ಉಳಿದಳು, ಆತ ಉಳಿಯಲಿಲ್ಲ. ಎಲ್ಲ ಮುಗಿದು ಆಕೆ ಹೊರಡುವಾಗ ಅಧ್ಯಕ್ಷೆಗೆ ಹೇಳಿದಳಂತೆ: "ನ್ಯಾಯ ಕೊಟ್ರಿ ಅಮ್ಮಾ, ದೊಡ್ಡದು. ಆದ್ರೆ ನೀವು ಕರೆದ ನಾಲ್ಕು ದಿನದ ಕೂಲಿ ಹೋಯ್ತು."

ಆ ಶನಿವಾರ ಪಾನಿಪುರಿಯ ನೀರು ಬಟ್ಟಲಲ್ಲೇ ಉಳಿಯಿತು. ನಗರದಿಂದ ಬಂದ ಮಾದರಿ ಪ್ರತಿಯಲ್ಲಿ ಆ ಕೂಲಿಯ ಸುದ್ದಿಯೇ ಇರಲಿಲ್ಲ. ಸಂಬಳದವರು ಬರೆದ ನಿಯಮಕ್ಕೆ ದಿನಗೂಲಿಯ ಲೆಕ್ಕ ಹೇಗೆ ಹೊಳೆಯಬೇಕು? ತಿಂಗಳ ಸಂಬಳದವಳು ಒಂದು ಗಂಟೆ ಸಮಿತಿಯ ಮುಂದೆ ಕೂತರೆ ಆಕೆಗೆ ಕಳೆಯುವುದು ಒಂದು ಗಂಟೆ. ದಿನಗೂಲಿಯವಳಿಗೆ ಕಳೆಯುವುದು ಆ ದಿನದ ಅಕ್ಕಿ. ಎಲ್ಲರಿಗೂ ಒಂದೇ ನಿಯಮ ಎಂದರೆ ಎಲ್ಲರಿಗೂ ಒಂದೇ ನ್ಯಾಯ ಎಂದಲ್ಲ. ಅಂದು ಕೂತು ಹೊಸ ಸಾಲು ಬರೆದೆವು: 'ವಿಚಾರಣೆಗೆ ಹಾಜರಾದ ದಿನವನ್ನು ದುಡಿದ ದಿನವೆಂದು ಲೆಕ್ಕ ಹಿಡಿದು ಪೂರ್ತಿ ಕೂಲಿ ಕೊಡತಕ್ಕದ್ದು. ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆ ಕೊಡತಕ್ಕದ್ದು.' ಆ ವಾಕ್ಯದ ನಿಜವಾದ ಕರ್ತೃ ನಮ್ಮ ಐವರಲ್ಲಿ ಯಾರೂ ಅಲ್ಲ.

ಎಲ್ಲದರಲ್ಲೂ ನಾವು ಒಂದಾಗಿಬಿಟ್ಟೆವು ಎಂದುಕೊಳ್ಳಬೇಡಿ. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟ ವಾರ ನಮ್ಮಲ್ಲಿ ಜೋರು ಜಗಳ. ಬಂದದ್ದು ಒಳ್ಳೆಯದಾಯಿತು, ಇಷ್ಟು ದಿನ ಹೊಟ್ಟೆ ಹಿಡಿದುಕೊಂಡು ಪಾಠ ಮಾಡಿದ್ದು ಸಾಕು ಎಂದೆ ನಾನು. "ಅಕ್ಕಾ, ಇದನ್ನೇ ನೆಪ ಮಾಡಿ ಹುಡುಗೀರನ್ನ ಕೆಲಸಕ್ಕೇ ತಗೊಳ್ಳಲ್ಲ ಅಂದ್ರೆ?" ಎಂದಳು ಗಾರ್ಮೆಂಟ್ಸಿನ ಹುಡುಗಿ. ಒಬ್ಬಳು ರಜೆ ಹಾಕಿದರೆ ಅವಳ ರೋಗಿಗಳನ್ನು ನೋಡುವವಳೂ ಇನ್ನೊಬ್ಬ ಹೆಂಗಸೇ, ಅವಳ ಬೆನ್ನಿಗೇನು ಮದ್ದು ಎಂದರು ಸಿಸ್ಟರ್. ಮುಖ್ಯೋಪಾಧ್ಯಾಯಿನಿ ಎಂದಿನ ಹಾಗೆ ಕೊನೆಗೆ, "ಕಸ ಗುಡಿಸುವಾಕೆಗೆ ಈ ರಜೆಯ ಕೂಲಿ ಯಾರು ಕೊಡ್ತಾರೆ?" ಎಂದರು. ತೀರ್ಮಾನವಾಗಲಿಲ್ಲ. ಆದರೆ ಮೂವರೂ ಕೇಳಿದ್ದು ನನ್ನ ಸ್ಟಾಫ್ ರೂಮಿನ ಗೋಡೆಗಳ ನಡುವೆ ಎಂದೂ ಹುಟ್ಟದ ಪ್ರಶ್ನೆಗಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ತಿಳಿವಳಿಕೆ ಬೆಂಗಳೂರಿನಿಂದ, ದಿಲ್ಲಿಯಿಂದ ಬಂದರೆ ಮಾತ್ರ ತಿಳಿವಳಿಕೆ ಎಂದು ನಮಗೆಲ್ಲ ಒಂದು ಅಭ್ಯಾಸ. ಕಾಯ್ದೆ ಅಲ್ಲಿಂದಲೇ ಬರಬೇಕು, ಒಪ್ಪೋಣ. ಭಂವರಿ ದೇವಿಯ ಹೋರಾಟವಿಲ್ಲದೆ, ಆ ತೀರ್ಪಿಲ್ಲದೆ ನಾವು ಐವರು ಶನಿವಾರ ಸೇರಲು ಕಾರಣವೇ ಇರುತ್ತಿರಲಿಲ್ಲ. ಆದರೆ ಕಾಯ್ದೆ ಬಾಗಿಲವರೆಗೆ ಬರುತ್ತದೆ. ಒಳಗೆ ಕರೆದು ಕೂರಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹೊಲಿಗೆ ಹಾಕಬೇಕಾದವರು ಅಲ್ಲಿ ದುಡಿಯುವವರು.

ನೀವೂ ಎಲ್ಲೋ ಒಂದು ಶಾಲೆಯಲ್ಲೋ ಸೊಸೈಟಿಯಲ್ಲೋ ಕೆಲಸ ಮಾಡುವವರಾಗಿದ್ದರೆ, ನಿಮ್ಮಲ್ಲಿ ಸಮಿತಿ ಇದೆಯೇ, ಅದರ ಕಾಗದ ಎಲ್ಲಿದೆ ಎಂದು ನಾಳೆ ಕೇಳಿ ನೋಡಿ. ಸಿಕ್ಕರೆ ಪಕ್ಕದ ಬೀದಿಯ ಆಸ್ಪತ್ರೆಯವರ ಕಾಗದದ ಜೊತೆ ಇಟ್ಟು ಓದಿ.

ಕೂಲಿಯ ಆ ಸಾಲನ್ನು ನಮ್ಮ ಆಡಳಿತ ಮಂಡಳಿ ಇನ್ನೂ ಒಪ್ಪಿಲ್ಲ. ಎರಡು ಸಲ ಫೈಲು ವಾಪಸು ಬಂದಿದೆ, 'ಪರಿಶೀಲಿಸಿ' ಎಂಬ ಹಸಿರು ಶಾಯಿಯ ಬರಹದೊಂದಿಗೆ. ನರ್ಸಿಂಗ್ ಹೋಮಿನಲ್ಲಿ ಒಪ್ಪಿದ್ದಾರೆ. ಅವರು ಸಹಿ ಮಾಡಿದ ಪ್ರತಿಯನ್ನು ಸಿಸ್ಟರ್ ಈ ಎರಡನೇ ಶನಿವಾರ ತರುತ್ತೇನೆ ಎಂದಿದ್ದಾರೆ. ಅದರ ನಕಲನ್ನು ಲಗತ್ತಿಸಿ ಮೂರನೇ ಸಲ ಕಳಿಸುತ್ತೇನೆ.