ಹೆಸರಿಡದ ಕೂಸಿಗೆ ಒಂದು ಫಾತಿಹಾ

ಶಬೇ ಬರಾತಿನ ದಿನ ಅಸರ್ ನಮಾಝಿನ ಹೊತ್ತಿಗೆ ದುಂಡಸಿಯ ನಮ್ಮ ಮನೆಯಲ್ಲಿ ರವೆ ಹುರಿಯುವ ವಾಸನೆ ಏಳುತ್ತಿತ್ತು. ನಾನು ಸಣ್ಣವನಿದ್ದಾಗ ಆ ಹಬ್ಬ ಏಪ್ರಿಲ್ ಬಿಸಿಲಿನಲ್ಲಿ ಬರುತ್ತಿತ್ತು. ಅಮ್ಮ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ಹಲ್ವ ತಿರುವುತ್ತಿದ್ದಳು. ಕತ್ತಲಾದ ಮೇಲೆ ಅಬ್ಬಾ ಟೊಪ್ಪಿಗೆ ಹಾಕಿಕೊಂಡು ತಾಟುಗಳ ಮುಂದೆ ಕೂರುತ್ತಿದ್ದರು. ಕೆಂಡದ ಮೇಲೆ ಲೋಬಾನ ಬೀಳುತ್ತಿತ್ತು. ಆದರೆ ಫಾತಿಹಾ ತಕ್ಷಣ ಶುರುವಾಗುತ್ತಿರಲಿಲ್ಲ. ಒಳಗಿನಿಂದ ಅಮ್ಮ ಹೆಸರುಗಳನ್ನು ಹೇಳಬೇಕಿತ್ತು.

ಅಬ್ಬಾನಿಗೆ ತಮ್ಮ ಅಜ್ಜನ ಹೆಸರಿಗಿಂತ ಹಿಂದೆ ಯಾವುದೂ ನೆನಪಿರುತ್ತಿರಲಿಲ್ಲ. ಅಮ್ಮನಿಗೆ ಎಲ್ಲವೂ ಬಾಯಿಪಾಠ. ಅವಳ ತವರಿನ ಕಡೆಯವರು, ಈ ಮನೆಯವರು, ಮಲೆನಾಡಿನ ಕಡೆ ಗಾಡಿ ಹೊಡೆಯಲು ಹೋಗಿ ಜ್ವರ ಬಂದು ಅಲ್ಲೇ ಮಣ್ಣಾದ ಚಿಕ್ಕಜ್ಜ, ಮಕ್ಕಳಿಲ್ಲದೆ ಸತ್ತ ಫೂಫಿ. ಒಬ್ಬೊಬ್ಬರ ಹೆಸರನ್ನೂ ಅವರ ತಂದೆಯ ಹೆಸರಿನೊಂದಿಗೆ ಹೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ "ಔರ್ ವೋ ಬಚ್ಚಾ" ಅನ್ನುತ್ತಿದ್ದಳು. ಆಮೇಲೆ ಅಬ್ಬಾ ಓದಲು ತೊಡಗುತ್ತಿದ್ದರು.

ಆ ಬಚ್ಚಾ ಯಾರು ಎಂದು ನಾನು ಕೇಳಲಿಲ್ಲ. ನನ್ನ ಗಮನವೆಲ್ಲ ಹಲ್ವದ ಮೇಲಿರುತ್ತಿತ್ತು.

ಸತ್ತವರಿಗೆ ಎಡೆ ಇಡುವುದು ನಮ್ಮ ಓಣಿಯಲ್ಲಿ ನಮ್ಮೊಬ್ಬರ ಪದ್ಧತಿಯಾಗಿರಲಿಲ್ಲ. ಮಹಾನವಮಿ ಅಮವಾಸ್ಯೆಗೆ ಹಿಂದಿನ ಮನೆಯ ಒಕ್ಕಲಿಗರ ಅಜ್ಜಿ ಹಿರಿಯರ ಹಬ್ಬ ಮಾಡುತ್ತಿದ್ದಳು. ಗಂಡನ ಸಲುವಾಗಿ ಹೊಸ ಧೋತರ, ಅತ್ತೆಯ ಸಲುವಾಗಿ ಸೀರೆ ಮಡಿಚಿಟ್ಟು, ಮುಂದೆ ಹೋಳಿಗೆಯ ಎಡೆ ಹಿಡಿದು, ಪಕ್ಕದಲ್ಲಿ ಸವಣೂರು ಎಲೆ, ಅಡಿಕೆ, ಸ್ವಲ್ಪ ತಂಬಾಕು ಇಡುತ್ತಿದ್ದಳು. "ನಮ್ಮ ಹಿರ್ಯಾಗ ಊಟ ಇಲ್ಲದಿದ್ರೂ ನಡೀತಿತ್ತು, ತಂಬಾಕ ಇಲ್ಲದಿದ್ರ ನಡೀತಿರಲಿಲ್ಲೋ ತಮ್ಮಾ" ಎಂದು ನಗುತ್ತಿದ್ದಳು. ಅವಳ ಮನೆಯ ಹೋಳಿಗೆ ನಮ್ಮಲ್ಲಿಗೆ ಬರುತ್ತಿತ್ತು. ನಮ್ಮ ಹಲ್ವ ಅಲ್ಲಿಗೆ ಹೋಗುತ್ತಿತ್ತು. ಶರೀಫ ಸಾಹೇಬರ ಶಿಶುನಾಳ ಇರುವ ತಾಲೂಕು ನಮ್ಮದು. ಗೋವಿಂದ ಭಟ್ಟರ ಶಿಷ್ಯನಾದ ಆ ಮುಸಲ್ಮಾನನ ಗದ್ದುಗೆಗೆ ಎರಡೂ ಕಡೆಯವರು ನಡೆದುಕೊಳ್ಳುವ ಸೀಮೆಯಲ್ಲಿ ಇದು ದೊಡ್ಡ ಸುದ್ದಿಯೇನೂ ಅಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಮಗಳಿಂದ. ಅವಳ ಜೊತೆ ಕೂತು 2017ರಲ್ಲಿ ಬಂದ 'ಕೊಕೊ' ಎಂಬ ಕಾರ್ಟೂನ್ ಚಿತ್ರ ನೋಡಿದೆ. ಮೆಕ್ಸಿಕೋ ದೇಶದ ಒಬ್ಬ ಹುಡುಗ ಸತ್ತವರ ಲೋಕಕ್ಕೆ ಹೋಗುವ ಕಥೆ. ಬದುಕಿರುವವರಲ್ಲಿ ಒಬ್ಬರಾದರೂ ನೆನಪಿಟ್ಟುಕೊಂಡಿರುವ ತನಕ ಸತ್ತವರು ಆ ಲೋಕದಲ್ಲಿ ಇರುತ್ತಾರೆ. ಕೊನೆಯವನೂ ಮರೆತನೆಂದರೆ ಅಳಿಸಿಹೋಗುತ್ತಾರೆ. ಚಿತ್ರ ಮುಗಿದ ಮೇಲೆ ಆ ಹಬ್ಬದ ಬಗ್ಗೆ ಹುಡುಕಿ ಓದಿದೆ. ಸ್ಪೇನಿನವರು 1521ರಲ್ಲಿ ಅಸ್ಟೆಕ್ ರಾಜಧಾನಿಯನ್ನು ಗೆದ್ದ ಮೇಲೆ ಕ್ಯಾಥೊಲಿಕರ ಸಂತರ ದಿನ, ಆತ್ಮಗಳ ದಿನಗಳು ಅಲ್ಲಿಗೆ ಬಂದವು. ನೆಲದ ಜನರ ನಂಬಿಕೆಗಳು ಅವುಗಳೊಡನೆ ಕೂಡಿಕೊಂಡವು. ನವೆಂಬರ್ 1 ಮತ್ತು 2ರಂದು ಮನೆಯಲ್ಲಿ ಮೇಜು ಹಾಕಿ ಸತ್ತವರ ಫೋಟೋ, ನೀರು, ಉಪ್ಪು, ರೊಟ್ಟಿ, ಅವರಿಗೆ ಇಷ್ಟವಾದ ತಿನಿಸು ಇಡುತ್ತಾರೆ. ಕೋಪಾಲ್ ಎಂಬ ಮರದ ಅಂಟಿನ ಧೂಪ ಹಾಕುತ್ತಾರೆ, ಥೇಟ್ ನಮ್ಮ ಲೋಬಾನದಂತೆ. ಯುನೆಸ್ಕೋ 2008ರಲ್ಲಿ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ದಾರಿಯುದ್ದಕ್ಕೂ ಅವರು ಚೆಲ್ಲುವ ಹೂವನ್ನು ನೋಡಿ ನಾನು ಬೆರಗಾದೆ. ಅದು ನಮ್ಮ ಚೆಂಡು ಹೂ. ಅದರ ತವರೇ ಮೆಕ್ಸಿಕೋ. ನಮ್ಮ ಜಿಲ್ಲೆಯ ಹೊಲಗಳಲ್ಲಿ ನಿಂತ ಗೋವಿನಜೋಳವೂ, ಬ್ಯಾಡಗಿ ಪೇಟೆಗೆ ಹೆಸರು ತಂದ ಮೆಣಸಿನಕಾಯಿಯೂ ಮೂಲದಲ್ಲಿ ಆ ಕಡೆಯವೇ. ಪೋರ್ಚುಗೀಸರು ಈ ದಂಡೆಗೆ ಬಂದ ಮೇಲೆ ಸಮುದ್ರ ದಾಟಿದವು. ಅಜ್ಜಿಯ ಎಡೆಯ ಮುಂದಿನ ಹೂವೂ, ಪಲ್ಯದೊಳಗಿನ ಖಾರವೂ ಅಷ್ಟು ದೂರದಿಂದ ಬಂದು ನಮ್ಮವಾಗಿಬಿಟ್ಟಿವೆ.

"ನಮ್ಮ ಮನೆಯಲ್ಲಿ ಸತ್ತವರ ಫೋಟೋ ಯಾಕಿಲ್ಲ ಅಬ್ಬಾ?" ಎಂದು ಮಗಳು ಕೇಳಿದಳು. ನಾವು ಗೋಡೆಗೆ ಫೋಟೋ ಹಾಕುವವರಲ್ಲ, ಹೆಸರು ಹೇಳುವವರು ಎಂದೆ. ಆಗಲೇ ಓದಿದ್ದ ಇನ್ನೊಂದು ಮಾತು ತಲೆಯಲ್ಲಿ ನಿಂತಿತು. ಆ ಎರಡು ದಿನಗಳಲ್ಲಿ ಮೊದಲನೆಯದು ತೀರಿಹೋದ ಮಕ್ಕಳದು. ದೊಡ್ಡವರ ಸರದಿ ಮರುದಿನ.

"ಔರ್ ವೋ ಬಚ್ಚಾ."

ಮುಂದಿನ ವಾರ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಉರ್ದುವಿನಲ್ಲೇ ಹೇಳಿದಳು: "ನಿನಗಿಂತ ಮೊದಲಿಂದು. ನಾಲ್ಕು ದಿನ ಇತ್ತು. ಏಳನೇ ದಿನಕ್ಕೆ ಹೆಸರು ಇಡೋಣ ಅಂದಿದ್ದರು, ಅಲ್ಲೀ ತನಕ ನಿಲ್ಲಲಿಲ್ಲ. ನಿಮ್ಮ ಅಬ್ಬಾ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ನಾನು ಬಾಣಂತಿ, ಹಾಸಿಗೆಯಲ್ಲಿದ್ದೆ. ಬಂದು ಕೈಕಾಲು ತೊಳೆದು, ಹುಣಸೆ ಮರದ ಬುಡದಲ್ಲಿ ಅಂದರು. ಅಷ್ಟೇ."

"ನೀನು ಆ ಕಬರ್ ನೋಡಿದ್ದೀಯಾ?"

"ನಾನು ಎಲ್ಲಿ ನೋಡಲಿ?"

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಗಂಡಾ, ಹೆಣ್ಣಾ?"

"ಹೆಣ್ಣು."

ಬಚ್ಚಾ ಎನ್ನುವುದು ಕಿವಿಗೆ ಬಿದ್ದು ಬಿದ್ದು ನಾನು ಗಂಡೆಂದೇ ತಿಳಿದಿದ್ದೆ. ಈ ವಯಸ್ಸಿನಲ್ಲಿ, ಮಗಳ ತಂದೆಯಾದ ಮೇಲೆ, ನನಗೊಬ್ಬಳು ಆಪಾ ಇದ್ದಳೆಂದು ತಿಳಿಯಿತು. ಬರಾತಿನ ರಾತ್ರಿ ಇಶಾ ಮುಗಿಸಿ ಕಬರಸ್ತಾನಕ್ಕೆ ಹೋದಾಗ ಅಬ್ಬಾ ದಾದಾರ ಕಬರಿಗೆ ಹೂ ಹಾಕಿದ ಮೇಲೆ ಮೂಲೆಯ ಹುಣಸೆ ಮರದ ಹತ್ತಿರ ಹೋಗಿ ಒಂದು ಗಳಿಗೆ ಕೈಯೆತ್ತಿ ನಿಲ್ಲುತ್ತಿದ್ದರು. ಅದೂ ಆಗ ಹೊಳೆಯಿತು. ನಾನು ಊದುಬತ್ತಿ ಹಿಡಿದು ಬೇಗ ಬನ್ನಿ ಎಂದು ಅವಸರ ಮಾಡುತ್ತಿದ್ದೆ. ಈಗ ಅಬ್ಬಾ ಇಲ್ಲ. ಆ ಮರವೂ ಒಂದು ಮಳೆಗಾಲದ ಗಾಳಿಗೆ ಬಿದ್ದುಹೋಯಿತು.

ಮೆಕ್ಸಿಕೋದಲ್ಲಿ ಪಾತ್ಸ್‌ಕ್ವಾರೋ ಎಂಬ ಕೆರೆಯ ನಡುವೆ ಹನಿತ್ಸಿಯೋ ಎಂಬ ನಡುಗಡ್ಡೆ ಇದೆ. ಅಲ್ಲಿ ಆ ರಾತ್ರಿ ಹೆಂಗಸರು ಶಾಲು ಹೊದ್ದು, ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚಿಟ್ಟು ಬೆಳಗಿನ ತನಕ ಕೂರುತ್ತಾರೆ. ಆ ಚಿತ್ರಗಳನ್ನು ನೋಡುವಾಗ ನಮ್ಮ ಸೀಮೆ ಕಣ್ಣೆದುರು ಬಂತು. ಇಲ್ಲಿ ಹೆಸರುಗಳನ್ನೆಲ್ಲ ಕಾಪಾಡುವವರು ಹೆಂಗಸರು. ಕಬರ್‌ಗಳ ಬಳಿ ಹೋಗುವವರು ಗಂಡಸರು. ನಮ್ಮ ಮನೆಯ ಯಾವ ಹೆಣ್ಣೂ ಹೋದದ್ದಿಲ್ಲ. ಯಾರೂ ಬೋರ್ಡು ಬರೆದು ಹಾಕಿಲ್ಲ, ರೂಢಿ ಅಷ್ಟೆ.

ಧರ್ಮದ ಮಾತು ಏನು ಎಂದೂ ನೋಡಿದೆ. ಮೊದಲು ಗೋರಿಗಳ ಸಂದರ್ಶನ ಬೇಡವೆಂದಿದ್ದ ಪ್ರವಾದಿಯವರು(ಸ) ಅನಂತರ ಅದಕ್ಕೆ ಅನುಮತಿ ಕೊಟ್ಟ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಪದೇ ಪದೇ ಗೋರಿಗಳಿಗೆ ಹೋಗುವ ಸ್ತ್ರೀಯರನ್ನು ಖಂಡಿಸುವ ಹದೀಸೂ ಇದೆ. ಗೋರಿಯ ಬಳಿ ಅಳುತ್ತಿದ್ದ ಹೆಂಗಸಿಗೆ ಅವರು ಸಹನೆಯಿಂದಿರು ಎಂದದ್ದು ಬುಖಾರಿಯಲ್ಲಿದೆ. ಇಲ್ಲಿಂದ ಎದ್ದು ಹೋಗು ಎಂದದ್ದಿಲ್ಲ. ಹಝ್ರತ್ ಆಯಿಶಾ(ರ) ತಮ್ಮ ಸೋದರ ಅಬ್ದುರ್‍ರಹ್ಮಾನರ ಗೋರಿಗೆ ಹೋಗಿದ್ದರೆಂದು ತಿರ್ಮಿದಿ ಹೇಳುತ್ತದೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಹಲ್ವದ ಮುಂದೆ ಫಾತಿಹಾ ಓದುವುದೇ ಬಿದ್‌ಅತ್ ಎನ್ನುವ ತಮ್ಮ ನಮ್ಮ ಮನೆಯಲ್ಲೇ ಇದ್ದಾನೆ. ದುಆ ಮಾಡು, ತಾಟು ಯಾಕೆ ಎನ್ನುತ್ತಾನೆ. ಅವನ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಅಮ್ಮನನ್ನು ತಡೆದದ್ದು ಹದೀಸೂ ಅಲ್ಲ, ತಮ್ಮನೂ ಅಲ್ಲ. ನಿನಗೆ ಅಲ್ಲಿಗೆ ಹೋಗಬೇಕೆನಿಸುತ್ತದೆಯೇ ಎಂದು ಇಷ್ಟು ವರ್ಷ ನಮ್ಮಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.

ಕೇಳಿದೆ. ಅವಳು ಬುರ್ಖಾ ಹಾಕಿಕೊಂಡು ಬಂದಳು.

ಹಬ್ಬವಲ್ಲದ ಒಂದು ಮುಂಜಾನೆ. ಗೇಟಿನ ಬಳಿ ನಿಂತು ಅಮ್ಮ ಎಲ್ಲರಿಗೂ ಸಲಾಮ್ ಹೇಳಿದಳು. ಅಬ್ಬಾನ ಕಬರ್ ತೋರಿಸಿದೆ. ಹುಲ್ಲು ಕಿತ್ತು ಬದಿಗೆ ಹಾಕಿದಳು. ಆಮೇಲೆ ಮೂಲೆಗೆ ಹೋದೆವು. ಮರದ ಬೊಡ್ಡೆಯೂ ಉಳಿದಿರಲಿಲ್ಲ. ಗುರುತಿಲ್ಲದ ಸಣ್ಣ ಸಣ್ಣ ದಿಬ್ಬಗಳು ಎಷ್ಟೋ ಇದ್ದವು. ಇದಿರಬಹುದೇ, ಅದಿರಬಹುದೇ ಎಂದು ನಾನು ನೋಡುತ್ತಿದ್ದರೆ ಅಮ್ಮ ನನ್ನ ತೋಳು ಹಿಡಿದಳು. "ಹುಡುಕಬೇಡ. ಇವೆಲ್ಲ ಯಾರ ಯಾರವೋ ಕೂಸುಗಳು. ಎಲ್ಲಕ್ಕೂ ಸೇರಿಸಿ ಓದು, ನಮ್ಮದಕ್ಕೂ ಮುಟ್ಟುತ್ತದೆ" ಅಂದಳು. ಓದಿದೆ. ತಂದಿದ್ದ ಹೂವನ್ನು ಅವಳು ಒಂದೇ ಕಡೆ ಹಾಕಲಿಲ್ಲ, ಎಲ್ಲ ದಿಬ್ಬಗಳ ಮೇಲೂ ಉದುರಿಸಿದಳು. ದಾರಿಯಲ್ಲಿ ಎದುರಾದ ಹಿರಿಯರೊಬ್ಬರು ಸಲಾಮ್ ಹೇಳಿ ಮುಂದೆ ಹೋದರು.

ನಿಮ್ಮ ಮನೆಯಲ್ಲೂ ಇಂಥದೊಂದು ಹೆಸರಿಲ್ಲದ ಹೆಸರು ಇದ್ದೀತು. ಅದನ್ನು ನೆನಪಿಟ್ಟುಕೊಂಡ ತಾಯಿ ಇರುವಾಗಲೇ ಕೇಳಿಕೊಳ್ಳಿ.

ಆಮೇಲೆ ಬಂದ ಶಬೇ ಬರಾತಿಗೆ ಮಗಳನ್ನೂ ಕರೆದುಕೊಂಡು ಊರಿಗೆ ಹೋಗಿದ್ದೆ. ನಾನು ಓದಲು ಕೂತೆ, ಅಮ್ಮ ಒಳಗಿನಿಂದ ಹೆಸರು ಹೇಳಿದಳು. ಮಗಳು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಅಮ್ಮ ತಡೆದಾಗ ನಾನೇ "ಔರ್ ಮೇರಿ ಆಪಾ" ಅಂದೆ. ಒಳಗಿನಿಂದ ಮಾತು ಬರಲಿಲ್ಲ. ಓದು ಮುಗಿದ ಮೇಲೆ ಅಮ್ಮ ಹಲ್ವದ ಮೊದಲ ತಾಟನ್ನು ಮೊಮ್ಮಗಳ ಕೈಗೆ ಕೊಟ್ಟು, ಓಣಿಯ ಹುಡುಗರಿಗೆ ಹಂಚಿ ಬಾ ಎಂದು ಕಳಿಸಿದಳು.