೫.೦ ಅಥವಾ ೪.೧?

ಅಮ್ಮನ ಎದೆಯೊಳಗೆ ಲೋಹದ ಮೈಟ್ರಲ್ ಕವಾಟ ಇದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ರಾತ್ರಿ ವಾರ್ಫರಿನ್ ಮಾತ್ರೆ. ಐಎನ್ಆರ್ ೨.೫ರಿಂದ ೩.೫ರೊಳಗೆ ಇರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ.

ಮೊನ್ನೆ ರಾತ್ರಿ ಬೆರಳು ಚುಚ್ಚಿ ಮನೆಯ ಮೆಷಿನ್‌ನಲ್ಲಿ ನೋಡಿದರೆ ೫.೨! ಅಮ್ಮ ಮಾತ್ರೆ ಕೈಯಲ್ಲಿ ಹಿಡ್ಕೊಂಡು "ನುಂಗ್ಲೋ ಬೇಡ್ವೋ ಹೇಳೋ" ಅಂತ ನನ್ನ ಮುಖ ನೋಡ್ತಾ ಕೂತಿದ್ರು. ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತಿನದು ಬಿಡಿ, ಬೆಳಿಗ್ಗೆ ಲ್ಯಾಬಿಗೆ ಹೋಗಿ ಅಂದರು. ಮೆಷಿನ್ನನ್ನೂ ಒಯ್ದು ಅಲ್ಲೇ ಇನ್ನೊಮ್ಮೆ ಚುಚ್ಚಿದೆ: ೫.೦. ಅದೇ ಹೊತ್ತಿನ ಲ್ಯಾಬ್ ರಿಪೋರ್ಟು ೪.೧.

ಮೆಷಿನ್ ನಂಬಿ ನಾನೇ ನಾಲ್ಕು ದಿನ ಮಾತ್ರೆ ನಿಲ್ಲಿಸಿದ್ದಿದ್ರೆ...

ಮೆಷಿನ್ ಕೆಟ್ಟಿದೆ ಅಂತ ರೇಗಿದೆ. ಡಾಕ್ಟರು ನಕ್ಕರು. ನಾಲ್ಕರೊಳಗೆ ಇವು ಸಾಮಾನ್ಯವಾಗಿ ಲ್ಯಾಬಿಗೆ ಹತ್ತಿರವೇ ಇರುತ್ತವಂತೆ; ಮೇಲೇರಿದಷ್ಟೂ ಅಂತರ ಹಿಗ್ಗುತ್ತದಂತೆ. ೨೦೧೮ರಲ್ಲಿ ಅಮೆರಿಕದಲ್ಲಿ ಕೋಗುಚೆಕ್ ಸ್ಟ್ರಿಪ್‌ಗಳನ್ನು ವಾಪಸ್ ತರಿಸಿಕೊಂಡಿದ್ದೂ ೪.೫ ದಾಟಿದ ಮೇಲೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತಿದ್ದವು ಅಂತಲೇ. (ನಮ್ಮದು ಅದಲ್ಲ.)

ನಂದೂ ತಪ್ಪಿತ್ತು ಅನ್ನಿ. ರಕ್ತ ಬರಲಿಲ್ಲ ಅಂತ ಬೆರಳನ್ನು ನಿಂಬೆಹಣ್ಣಿನ ಹಾಗೆ ಹಿಂಡಿದ್ದೆ. ಹಾಗೆ ಮಾಡಿದರೆ ಸುತ್ತಲಿನ ಅಂಗಾಂಶದ ನೀರೂ ಬೆರೆತು ಲೆಕ್ಕ ಕೆಡುತ್ತೆ. ಈಗ ಬಿಸಿನೀರಲ್ಲಿ ಕೈ ತೊಳೆಸಿ, ಚೆನ್ನಾಗಿ ಒರೆಸಿ, ತಾನಾಗೇ ಬಂದ ಮೊದಲ ಹನಿಯನ್ನೇ ಹಾಕ್ತೀನಿ. ನಾಲ್ಕು ದಾಟಿದರೆ ಲ್ಯಾಬು.

ಹಳೇ ಡೈರಿಯಲ್ಲಿ ಎರಡು ಕಾಲಂ ಹಾಕಿದ್ದೀನಿ: ಮೆಷಿನ್, ಲ್ಯಾಬ್. ಪಕ್ಕದಲ್ಲಿ ಅಮ್ಮನೇ ಮೂರನೆಯದು ಗೀಟು ಹಾಕ್ಕೊಂಡಿದ್ದಾರೆ: ಅವತ್ತು ಸೊಪ್ಪಿನ ಹುಳಿ ತಿಂದಿದ್ನಾ, ಇಲ್ವಾ.