ಕೊಟ್ಟಿಗೆಯಲ್ಲಿ ಆರಂಭವಾದ ಶಾಲೆ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುಮಾರು 50 ಕಿ.ಮೀ. ಆ ಸೀಮೆಯ ಕಾಡಿನಂಚಿನಲ್ಲಿ ಹೊಸಹಳ್ಳಿಯಿದೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ಗಿರಿಜನ ವಸತಿ ಶಾಲೆ ಇರುವುದು ಇಲ್ಲೇ.

ಈ ಶಾಲೆಯ ಹಿಂದೆ ಒಂದು ನೋವಿನ ಕಥೆಯಿದೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿಗೆ ಬೀಚನಹಳ್ಳಿಯ ಬಳಿ ಅಣೆಕಟ್ಟು ಎದ್ದಿತು. ಜೇನುಕುರುಬ, ಕಾಡುಕುರುಬ ಕುಟುಂಬಗಳು ಕಾಡು ಬಿಟ್ಟು ಅಂಚಿನ ಹಾಡಿಗಳಿಗೆ ಬಂದವು. ಹಿರಿಯರಿಗೆ ಕಾಡೇ ಪಾಠಶಾಲೆ. ಮಕ್ಕಳಿಗೆ ಅದು ದೂರವಾಯಿತು. ಊರಿನ ಶಾಲೆ ಹತ್ತಿರವಾಗಲಿಲ್ಲ.

ಡಾ. ಆರ್. ಬಾಲಸುಬ್ರಹ್ಮಣ್ಯಂ ಮುಂದಾಳತ್ವದಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸಂಸ್ಥೆ ಇದು. ಚಿಕಿತ್ಸೆ ನೀಡಲು ಹಾಡಿಗಳಿಗೆ ಬಂದವರಿಗೆ ಔಷಧವೊಂದೇ ಸಾಲದೆಂದು ತಿಳಿಯಿತು. 1988ರಲ್ಲಿ ಬ್ರಹ್ಮಗಿರಿಯ ದನದ ಕೊಟ್ಟಿಗೆಯೊಂದರಲ್ಲಿ ಪಾಠ ಶುರುವಾಯಿತು. ಅದೇ ಮುಂದೆ ಹೊಸಹಳ್ಳಿಯ ಶಾಲೆಯಾಗಿ ಬೆಳೆಯಿತು.

ಹಾಡಿಯ ಮಗು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ಮನೆಯ ನುಡಿ, ಹಾಡು, ಗಿಡಮರಗಳ ಪರಿಚಯ ಅದರ ಜೊತೆಗೇ ಬರುತ್ತವೆ. ಆನೆಯ ಹೆಜ್ಜೆ ಯಾವುದು, ಕಾಟಿಯ ಹೆಜ್ಜೆ ಯಾವುದು ಎಂದು ಬಲ್ಲ ಮಗುವಿಗೆ ಜೀವಶಾಸ್ತ್ರ ಹೊಸದೇನಲ್ಲ, ಅದರ ಪುಸ್ತಕವಷ್ಟೇ ಹೊಸದು. ಆ ತಿಳಿವನ್ನು ಗೌರವಿಸಿದರೆ ಮಗು ಮಾತಾಡುತ್ತದೆ. ಅಲ್ಲಗಳೆದರೆ ಹಿಂದಿನ ಬೆಂಚಿನಲ್ಲಿ ಮೌನವಾಗುತ್ತದೆ, ಒಂದು ದಿನ ಶಾಲೆಯನ್ನೇ ಬಿಡುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹೊಗೆಸೊಪ್ಪು, ಭತ್ತ ಬೆಳೆಯುವ ಮನೆಗಳ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಶಾಲೆ ಹುಡುಕುವಾಗ ಕಟ್ಟಡ, ವ್ಯಾನು, ಸಮವಸ್ತ್ರ ನೋಡುವ ತಂದೆತಾಯಂದಿರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಮಗುವಿಗೆ ಈಗಾಗಲೇ ಗೊತ್ತಿರುವುದನ್ನು ಇಲ್ಲಿ ಯಾರಾದರೂ ವಿಚಾರಿಸುತ್ತಾರೆಯೆ?